ಲೇಪಾಕ್ಷಿಯಿಂದ ಬಂದು ಎರಡು ತಿಂಗಳಾಯಿತು, ಕುಂಚ ಮುಟ್ಟಿಲ್ಲ

ಒಣಗಿದ ಪ್ಯಾಲೆಟ್ · ಭಾನುವಾರ, ರಾತ್ರಿ 10:40

ಬನಶಂಕರಿಯಲ್ಲಿ ಮಹಡಿಯ ಮೇಲಿನ ಸಣ್ಣ ಕೋಣೆಯೊಂದು ನನ್ನ ಸ್ಟುಡಿಯೊ. ಶನಿವಾರ, ಭಾನುವಾರ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ, ಬಣ್ಣದ ಖರ್ಚು ಅದರಲ್ಲೇ ಹುಟ್ಟುತ್ತದೆ. ಉಳಿದ ದಿನಗಳು ನನ್ನವು. ಹದಿನಾರು ವರ್ಷ ಹೀಗೆಯೇ ನಡೆಯಿತು. ಹಿಂದಿನ ಯುಗಾದಿಯ ಹೊತ್ತಿಗೆ ನನ್ನ ಚಿತ್ರಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣತೊಡಗಿದವು: ಒಂದು ಕೆರೆ, ಕೆರೆಗೊಂದು ದಂಡೆ, ದಂಡೆಯ ಮೇಲೊಂದು ಮರ. ಮರ ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಡಾಡುತ್ತಿತ್ತು.

ಆಗ ಒಂದು ವರ್ಷವನ್ನು ನೋಡುವುದಕ್ಕೇ ಮೀಸಲಿಡೋಣ ಎಂದುಕೊಂಡೆ. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಆರು ಸಲ ಹೋದೆ. ಕಸ್ತೂರಬಾ ರಸ್ತೆಯ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂಗೆ ನಾಲ್ಕು ಸಲ. ಚಿತ್ರಕಲಾ ಪರಿಷತ್ತಿಗೆ ಎಷ್ಟು ಸಲವೆಂದು ಲೆಕ್ಕ ಇಟ್ಟಿಲ್ಲ. ಅಲ್ಲಿರುವ, ರಷ್ಯದ ಚಿತ್ರಕಾರ ರೋರಿಕ್ ಬರೆದ ಹಿಮಾಲಯಗಳ ಮುಂದೆ ನಿಂತಾಗಲೆಲ್ಲ ಸ್ವೆಟರ್ ತರಬೇಕಿತ್ತು ಎನ್ನಿಸುತ್ತದೆ. ಮೈಸೂರಿನ ಜಗನ್ಮೋಹನ ಅರಮನೆ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಬಾದಾಮಿಯ ಮೂರನೆಯ ಗುಹೆ, ಕೊನೆಗೆ ಲೇಪಾಕ್ಷಿಯ ದೇವಸ್ಥಾನ. ನಡುನಡುವೆ ಬಿ.ಪಿ. ವಾಡಿಯಾ ರಸ್ತೆಯ ಗ್ರಂಥಾಲಯದಲ್ಲಿ ಕುಳಿತು ಓದಿದೆ, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ದುಡ್ಡು ಕಳೆದೆ.

ಲೇಪಾಕ್ಷಿಯಲ್ಲಿ ಮಾತ್ರ ಏನೋ ಆಯಿತು. ಮಂಟಪದ ನೆಲದ ಮೇಲೆ ಅಂಗಾತ ಮಲಗಿ ಮೇಲೆ ನೋಡಿದೆ. ಬೆನ್ನಿಗೆ ಕಲ್ಲಿನ ತಂಪು. ಚಾವಣಿಯ ತುಂಬ ಕಾವಿಯ ನೆಲ, ಅದರ ಮೇಲೆ ಒಂದೇ ಉಸಿರಿನಲ್ಲಿ ಎಳೆದ ಕಪ್ಪು ಗೆರೆ. ಶಿವನ ಮದುವೆಗೆ ಬಂದವರ ಕಣ್ಣುಗಳು ಮುಖದಿಂದ ಹೊರಗೆ ಚಾಚಿವೆ. ಎತ್ತರದ ಕುಲ್ಲಾಯಿ ಇಟ್ಟ ಗಂಡಸರು. ಸೀರೆಗಳ ಮೇಲಿನ ಒಂದೊಂದು ವಿನ್ಯಾಸಕ್ಕೂ ಒಂದೊಂದು ದಿನ ಬೇಕು. ಕಾವಲಿನವರು ಬಂದು ಎಬ್ಬಿಸುವವರೆಗೂ ಮಲಗಿಯೇ ಇದ್ದೆ.

ಬಂದವಳೇ ಮೂರು ಚಿತ್ರ ಬರೆದೆ. ಮೂರೂ ಲೇಪಾಕ್ಷಿಯ ಕೆಟ್ಟ ನಕಲು. ಅಣ್ಣ ನೋಡಿ, ‘ಜವಳಿ ಅಂಗಡಿಯ ಕ್ಯಾಲೆಂಡರಿಗೆ ಚೆನ್ನಾಗಿ ಒಪ್ಪುತ್ತದೆ’ ಎಂದ. ಮೆಚ್ಚಿಯೇ ಹೇಳಿದ, ನೋವಾದದ್ದು ಅದಕ್ಕೇ. ಅಂದಿನಿಂದ ಎರಡು ತಿಂಗಳು ಕುಂಚ ನೀರು ಕಂಡಿಲ್ಲ.

ಕೇಳಬೇಕೆಂದಿರುವುದು ಇಷ್ಟು. ನೋಡುವುದು ಚಿತ್ರಕಾರರ ಕೆಲಸವೋ, ಅಥವಾ ಕೆಲಸ ತಪ್ಪಿಸಿಕೊಳ್ಳಲು ಸಿಕ್ಕ ಗೌರವದ ನೆಪವೋ? ನೋಡಿದ್ದು ನಿಮ್ಮ ಕೈಗೆ ಇಳಿದದ್ದು ಹೇಗೆ?

ರಾತ್ರಿಪಾಳಿ · ಭಾನುವಾರ, ರಾತ್ರಿ 11:25

ನೋಡುವುದಕ್ಕೆ ಒಂದು ವರ್ಷ! ಓದಿ ಸ್ವಲ್ಪ ಹೊಟ್ಟೆ ಉರಿಯಿತು, ಮುಚ್ಚಿಡುವುದಿಲ್ಲ. ನನಗೆ ರಜೆ ಸಿಗುವುದು ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ. ನನ್ನ ಮ್ಯೂಸಿಯಂ ಎಂದರೆ ನೇರಳೆ ಮಾರ್ಗದ ಮೆಟ್ರೊ. ನಿದ್ರೆಹೋದ ಜನರ ಕೈಗಳನ್ನು ಬರೆಯುತ್ತೇನೆ. ಎಚ್ಚರವಿರುವವರ ಕೈಯಲ್ಲಿ ಮೊಬೈಲ್ ಇರುತ್ತದೆ, ಆಗ ಎಲ್ಲರ ಕೈಯೂ ಒಂದೇ. ನಿದ್ರೆಯಲ್ಲಿ ಮಾತ್ರ ಅವರವರ ಕೈ ಅವರವರದಾಗುತ್ತದೆ.

ರೆಂಬ್ರಾಂಟ್ ತನ್ನ ದೇಶ ಬಿಟ್ಟು ಹೊರಗೆ ಹೋದವನಲ್ಲ. ಆದರೂ 1656ರಿಂದ 1661ರ ನಡುವೆ, ಆಮ್‌ಸ್ಟರ್‌ಡ್ಯಾಮಿಗೆ ಬಂದಿದ್ದ ಮೊಗಲ್ ಕಿರುಚಿತ್ರಗಳನ್ನು ಇಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಬರೆದ. ಜಹಾಂಗೀರ, ಷಹಜಹಾನ್ ಎಲ್ಲರೂ ಇದ್ದಾರೆ. ಅವನಿಗೆ ಹಿಂದೂಸ್ತಾನ ಮನೆಯ ಮೇಜಿನ ಮೇಲೆಯೇ ಸಿಕ್ಕಿತು. ನೀವು ಅಷ್ಟು ಊರು ತಿರುಗಿದ್ದು ಸುಖಕ್ಕೆಂದು ಒಪ್ಪಿಕೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಅಧ್ಯಯನ ಎಂದು ಕರೆದದ್ದಕ್ಕೇ ಈಗ ಅಪರಾಧಿ ಭಾವ ಕಾಡುತ್ತಿದೆ.

ಚೌಕಟ್ಟಿನಂಗಡಿ · ಸೋಮವಾರ, ಬೆಳಿಗ್ಗೆ 7:10

ನಾನು ಚಿತ್ರಕಾರನಲ್ಲ, ಚಿತ್ರಗಳಿಗೆ ಚೌಕಟ್ಟು ಹಾಕುವವನು. ಜನವರಿಯ ಚಿತ್ರಸಂತೆಗೆ ಮುಂಚಿನ ತಿಂಗಳು ನನಗೆ ಸುಗ್ಗಿ. ಆ ತಿಂಗಳಲ್ಲಿ ಬರುವ ಕಾಶಿಯ ಘಾಟ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ನಿಜವಾದ ಗಂಗೆಗಿಂತ ಉದ್ದವಾಗುತ್ತದೆ. ಹೋಗಿ ಬಂದವರ ಘಾಟ್‌ಗೂ, ಹೋಗದೆ ಇಂಟರ್ನೆಟ್ ನೋಡಿ ಬರೆದವರ ಘಾಟ್‌ಗೂ ನನಗೆ ವ್ಯತ್ಯಾಸ ಕಂಡಿಲ್ಲ. ಇಬ್ಬರೂ ದೋಣಿಯನ್ನು ಎಡಮೂಲೆಯಲ್ಲೇ ಕಟ್ಟುತ್ತಾರೆ.

ಒಬ್ಬರು ಮಾತ್ರ ನೆನಪಿದ್ದಾರೆ. ವಯಸ್ಸಾದವರು, ಹೆಂಡತಿಯ ಅಸ್ಥಿ ಬಿಡಲು ಕಾಶಿಗೆ ಹೋಗಿದ್ದರಂತೆ. ಅಲ್ಲಿಂದ ಬಂದ ಮೂರು ವರ್ಷದ ಮೇಲೆ ಒಂದು ಚಿತ್ರ ತಂದರು. ಒಂದು ತಾರಸಿ, ತಂತಿಯ ಮೇಲೆ ಒದ್ದೆ ಪಂಚೆ. ಹಿಂದೆ ಸಿಂಟೆಕ್ಸ್ ಟ್ಯಾಂಕ್ ಕಾಣುತ್ತಿತ್ತು, ನಮ್ಮ ಊರೇ. ಆದರೆ ಬೆಳಕು ಈ ಊರಿನದಲ್ಲ. ಕೇಳಿದೆ. ‘ಬೆಳಕು ಅಲ್ಲಿಂದ ತಂದದ್ದು’ ಎಂದರು. ಆ ಚಿತ್ರಕ್ಕೆ ಕೂಲಿ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ, ಆದರೂ ತೆಗೆದುಕೊಂಡೆ.

ಎರಡು ತಿಂಗಳು ಏನೂ ಅಲ್ಲ, ಅಮ್ಮ.

ತಪ್ಪು ಹಿಡಿಯುವವ · ಸೋಮವಾರ, ಬೆಳಿಗ್ಗೆ 9:02

ವಿಷಯಕ್ಕೆ ಬರುವ ಮೊದಲು ಒಂದು ಮಾತು. ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ. ಅದರ ಗೋಡೆಯ ಮೇಲೆ 1780ರ ಪೊಳಿಲೂರು ಯುದ್ಧವಿದೆ. ಸೋತ ಇಂಗ್ಲಿಷ್ ಸೇನೆಯ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಆದರೆ ಅಲ್ಲಿ ನೀವು ನೋಡಿದ ಬಣ್ಣ ಟಿಪ್ಪು ನೋಡಿದ ಬಣ್ಣವಲ್ಲ. 19ನೆಯ ಶತಮಾನದಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ, ಅದನ್ನು ಮತ್ತೆ ಬರೆಸಲಾಯಿತು. ಹಾಗಾಗಿ ‘ಮೂಲವನ್ನು ನೋಡಿ ಬಂದೆ’ ಎನ್ನುವ ಮುಂಚೆ ಯಾವ ಪದರದ ಮೂಲ ಎಂದು ಕೇಳಿಕೊಳ್ಳಬೇಕು.

ಇನ್ನೊಂದು. ಇಂಥ ಚರ್ಚೆಗಳಲ್ಲಿ ಗೋಡೆಯ ಮೇಲೆ ಕಂಡದ್ದನ್ನೆಲ್ಲ ಫ್ರೆಸ್ಕೊ ಎಂದು ಕರೆಯುವ ಚಟವಿದೆ. ಫ್ರೆಸ್ಕೊ ಎಂದರೆ ಗಾರೆ ಹಸಿಯಾಗಿರುವಾಗಲೇ ಬರೆಯುವುದು, ಸುಣ್ಣವೇ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಜಂತದ್ದು ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿ ಬರೆದದ್ದು. ಈ ಎಳೆಯಲ್ಲಿ ಇನ್ನೂ ಯಾರೂ ಹಾಗೆ ಕರೆದಿಲ್ಲ, ಮುಂಜಾಗ್ರತೆಗೆ ಹೇಳಿದೆ.

ರಾತ್ರಿಪಾಳಿ · ಸೋಮವಾರ, ಬೆಳಿಗ್ಗೆ 9:10

ಯಾರೂ ಮಾಡದ ತಪ್ಪಿಗೂ ತಿದ್ದುಪಡಿ ಬಂತು. ಈ ವೇದಿಕೆಗೆ ಬಂದದ್ದು ಸಾರ್ಥಕ.

ಕುಮಾರಕೃಪಾ · ಸೋಮವಾರ, ರಾತ್ರಿ 9:48

ಕೆಲಸದ ನಡುವೆ ಬರೆದರೆ ಅರ್ಧಂಬರ್ಧವಾಗುತ್ತದೆ ಎಂದು ರಾತ್ರಿಗೆ ಇಟ್ಟುಕೊಂಡಿದ್ದೆ. ನಾನು ಒಂದು ಕಾಲೇಜಿನಲ್ಲಿ ಚಿತ್ರಕಲೆ ಪಾಠ ಮಾಡಿ ನಿವೃತ್ತಳಾದವಳು.

ಚೌಕಟ್ಟಿನಂಗಡಿಯವರು ಹೇಳಿದ ಮೂರು ವರ್ಷದ ಮಾತನ್ನು ಹಿಡಿದುಕೊಳ್ಳುತ್ತೇನೆ. ಅಮೃತಾ ಶೇರ್‌ಗಿಲ್ ಪ್ಯಾರಿಸ್ಸಿನಲ್ಲಿ ಕಲಿತು ಬಂದವರು. 1936ರ ಕೊನೆಗೆ ದಕ್ಷಿಣದ ಪ್ರವಾಸ ಹೊರಟರು. ಅಜಂತ, ಎಲ್ಲೋರ ನೋಡಿದರು, ಕೊಚ್ಚಿಗೆ ಹೋಗಿ ಮಟ್ಟಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ನೋಡಿದರು, ಕನ್ಯಾಕುಮಾರಿಯವರೆಗೂ ಹೋದರು. ‘ವಧುವಿನ ಅಲಂಕಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’, ಈ ಮೂರು ದೊಡ್ಡ ಚಿತ್ರಗಳು ಆ ಪ್ರವಾಸದ ಫಲ. ಆದರೆ ಅವನ್ನು ಬರೆದದ್ದು ಕೇರಳದ ಸೆಖೆಯಲ್ಲಲ್ಲ, 1937ರಲ್ಲಿ, ಹಿಂತಿರುಗಿದ ಮೇಲೆ, ಶಿಮ್ಲಾದಲ್ಲಿ. ಅವುಗಳಲ್ಲಿ ಅಜಂತದ ಒಂದೇ ಒಂದು ಆಕೃತಿಯನ್ನೂ ಎತ್ತಿಟ್ಟಿಲ್ಲ. ಬಂದಿರುವುದು ಬಣ್ಣಗಳು ಒಂದರ ಪಕ್ಕ ಒಂದು ಕೂರುವ ರೀತಿ, ದೇಹಗಳು ನೆಲಕ್ಕೆ ಭಾರ ಬಿಡುವ ರೀತಿ. ನೀವು ಲೇಪಾಕ್ಷಿಯಿಂದ ಕುಲ್ಲಾಯಿ ತಂದಿರಿ, ಕಣ್ಣು ತಂದಿರಿ, ಸೀರೆಯ ಅಂಚು ತಂದಿರಿ. ಅವೆಲ್ಲ ಅಲ್ಲಿಯ ಸಾಮಾನು. ತರಬೇಕಾದದ್ದು ಆ ಸಾಮಾನನ್ನು ಜೋಡಿಸಿದ ಬುದ್ಧಿಯನ್ನು.

ಅದು ಕಣ್ಣಿನಿಂದ ಮಾತ್ರ ಬರುವುದಿಲ್ಲ. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಮುಂಬೈಯಲ್ಲಿ ಕಲಿತು, ಮುಂದೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ಗೂ ಹೋದವರು. ಅವರ ಗೆರೆಗಳ ಕುಣಿತವನ್ನು ಎಲ್ಲರೂ ಹೊಗಳುತ್ತಾರೆ. ಆ ಲಯ ತಿಳಿಯಬೇಕೆಂದು ಅವರು ಕಥಕ್ ಕಲಿತರು ಎನ್ನುವುದನ್ನು ಕಡಿಮೆ ಜನ ನೆನೆಯುತ್ತಾರೆ. ಕುಣಿತವನ್ನು ಬರೆಯಲು ಹೊರಟ ಮನುಷ್ಯ ಗೆಜ್ಜೆ ಕಟ್ಟಿಕೊಂಡ. ಪರಿಷತ್ತಿನಲ್ಲಿ ಅವರ ಕೃತಿಗಳಿವೆ. ಮುಂದಿನ ಸಲ ಹೋದಾಗ ಒಂದು ರೇಖಾಚಿತ್ರದ ಮುಂದೆ ನಿಂತು ಆ ಗೆರೆಯನ್ನು ಗಾಳಿಯಲ್ಲಿ ಬೆರಳಿನಿಂದ ಎಳೆದು ನೋಡಿ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಎಲ್ಲಿ ನಿಧಾನವಾಯಿತು, ಎಲ್ಲಿ ಉಸಿರು ತೆಗೆದುಕೊಂಡರು ಎಂದು ಮೊಣಕೈಗೆ ಗೊತ್ತಾಗುತ್ತದೆ.

ನನ್ನ ಪ್ರಶ್ನೆ ಒಂದೇ. ಆ ವರ್ಷ ಪೂರ್ತಿ ನೀವು ಎಷ್ಟು ಫೋಟೊ ತೆಗೆದಿರಿ, ಎಷ್ಟು ಸ್ಕೆಚ್ ಮಾಡಿದಿರಿ? ಸುಳ್ಳು ಹೇಳಬೇಡಿ.

ಒಣಗಿದ ಪ್ಯಾಲೆಟ್ · ಸೋಮವಾರ, ರಾತ್ರಿ 10:31

ಮೊಬೈಲ್ ತೆರೆದು ಎಣಿಸಿದೆ. ಫೋಟೊ 2,140. ಸ್ಕೆಚ್ 9. ಒಂಬತ್ತರಲ್ಲಿ ಎರಡು, ಬಾದಾಮಿಯ ಬಸ್ ನಿಲ್ದಾಣದ ಹಂದಿಗಳು.

ಲೇಪಾಕ್ಷಿಯಲ್ಲಿ ಒಂದೂ ಇಲ್ಲ. ಅಷ್ಟು ಹೊತ್ತು ಮಲಗಿದ್ದೆನಲ್ಲ, ಪೆನ್ಸಿಲ್ ಚೀಲದಲ್ಲೇ ಇತ್ತು.

ಕುಮಾರಕೃಪಾ · ಸೋಮವಾರ, ರಾತ್ರಿ 10:35

ಹಂದಿಗಳು ಹೇಗೆ ಬಂದಿವೆ?

ಒಣಗಿದ ಪ್ಯಾಲೆಟ್ · ಸೋಮವಾರ, ರಾತ್ರಿ 10:36

ಆ ವರ್ಷದಲ್ಲಿ ನಾನು ಬರೆದ ಅತ್ಯುತ್ತಮ ಚಿತ್ರ ಅವೇ.

ಮಂದಗತಿ · ಮಂಗಳವಾರ, ಬೆಳಿಗ್ಗೆ 6:20

ಮೈಸೂರು ಸಂಪ್ರದಾಯದ ಚಿತ್ರ ಕಲಿಯಲು ಸೇರಿ ಐದು ವರ್ಷವಾಯಿತು. ಹಗಲು ವಿಮಾ ಕಂಪನಿಯೊಂದರಲ್ಲಿ ಕೆಲಸ. ನಮ್ಮ ಗುರುಗಳ ಮನೆಯಲ್ಲಿ ಮೊದಲ ಮೂರು ತಿಂಗಳು ಒಂದೇ ಒಂದು ಹಸ್ತ, ಅಭಯಹಸ್ತ. ಹುಣಸೆಯ ಸಣ್ಣ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡುವುದು ಹಳೆಯ ಪದ್ಧತಿ. ಅದರಲ್ಲಿ ಬರೆದು, ಬಟ್ಟೆಯಿಂದ ಒರೆಸಿ, ಮತ್ತೆ ಬರೆದು. ಕಾಗದ ಬೂದಿಯ ಬಣ್ಣಕ್ಕೆ ತಿರುಗುವವರೆಗೆ. ನಾಲ್ಕನೆಯ ತಿಂಗಳು ಅವರು ನನ್ನನ್ನು ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋಗಿ ಒಂದು ಹಳೆಯ ಚಿತ್ರದ ಮುಂದೆ ನಿಲ್ಲಿಸಿದರು. ಆಗ ಕಂಡಿತು, ಆ ಕೈ! ಹೆಬ್ಬೆರಳಿನ ಬುಡದಲ್ಲಿ ಗೆರೆ ಕೂದಲಿನಷ್ಟು ದಪ್ಪವಾಗುತ್ತದೆ, ಅಷ್ಟೇ. ಇಡೀ ಹಸ್ತಕ್ಕೆ ಮಾಂಸ ಬಂದದ್ದು ಅಲ್ಲಿಂದ. ಅದಕ್ಕೂ ಮುಂಚೆ ಅದೇ ಚಿತ್ರದ ಮುಂದೆ ಶಾಲೆಯ ಪ್ರವಾಸದಲ್ಲಿ ಎರಡು ಸಲ ಹಾದುಹೋಗಿದ್ದೆ. ಚಿನ್ನದ ರೇಕು ಹೊಳೆದದ್ದು ಬಿಟ್ಟರೆ ಏನೂ ನೆನಪಿಲ್ಲ.

ಅಂದರೆ ನೋಡಿ ಬಂದು ಬರೆಯುವುದಲ್ಲ, ಬರೆದು ಹೋಗಿ ನೋಡುವುದು. ನೀವು ಹದಿನಾರು ವರ್ಷ ಕೆರೆ ಬರೆದಿದ್ದೀರಲ್ಲ, ಕೆರೆಯ ಪ್ರಶ್ನೆಯನ್ನೇ ಹಿಡಿದುಕೊಂಡು ಲೇಪಾಕ್ಷಿಗೆ ಹೋಗಿದ್ದರೆ ಬೇರೆಯದೇ ಕಾಣುತ್ತಿತ್ತೇನೋ. ನೀವು ಕೆರೆಯನ್ನು ಮನೆಯಲ್ಲಿ ಬಿಟ್ಟು ಹೋದಿರಿ.

ಹಳೆಯ ಲೆಡ್ಜರ್ · ಮಂಗಳವಾರ, ಬೆಳಿಗ್ಗೆ 11:15

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಜಲವರ್ಣ ಹಿಡಿದವನು ನಾನು, ತೂಕದ ಮಾತು ನನ್ನದಲ್ಲ. ಆದರೆ ಊರೂರು ತಿರುಗುವ ಮಾತು ಬಂದಾಗ ರುಮಾಲೆ ಚೆನ್ನಬಸವಯ್ಯನವರ ಹೆಸರು ಯಾರೂ ಎತ್ತಲಿಲ್ಲವಲ್ಲ ಎನಿಸಿತು. 1910ರಲ್ಲಿ ಹುಟ್ಟಿದವರು, ಸ್ವಾತಂತ್ರ್ಯ ಹೋರಾಟಗಾರರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದವರು, ಶಾಸನಸಭೆಯನ್ನೂ ಕಂಡವರು. ಅದೆಲ್ಲ ಬಿಟ್ಟು ಈ ಊರಿನ ಮರಗಳ ಕೆಳಗೆ ಕ್ಯಾನ್ವಾಸ್ ಹೊತ್ತು ನಿಂತರು. ಗುಲ್‌ಮೊಹರ್, ಜಕರಾಂಡ, ಕಬ್ಬನ್ ಪಾರ್ಕು, ಲಾಲ್‌ಬಾಗು. ಬಣ್ಣವನ್ನು ಸವರಿಲ್ಲ, ಅಕ್ಕಿ ಎರಚಿದ ಹಾಗೆ ಎರಚಿದ್ದಾರೆ. 1988ರಲ್ಲಿ ತೀರಿಕೊಂಡರು. ರಾಜಾಜಿನಗರದಲ್ಲಿ ಅವರ ಕೃತಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ.

ಅವರ ಚಿತ್ರಗಳನ್ನು ನೋಡಿ ಬಂದ ಮಾರ್ಚ್ ತಿಂಗಳಲ್ಲಿ ನಾನು ದಿನಾ ಹಾದುಹೋಗುವ ರಸ್ತೆಯಲ್ಲಿ ಜಕರಾಂಡ ಇರುವುದು ಮೊದಲ ಬಾರಿಗೆ ಗೊತ್ತಾಯಿತು. ಮೂವತ್ತೊಂದು ವರ್ಷ ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗಿದ್ದೇನೆ! ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಒಂದು ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರು ಮಾಡಲಿ ಎಂದು ಲೆಕ್ಕ ಹಾಕಿ ನೆಡಿಸಿದರು ಎನ್ನುತ್ತಾರೆ. ಅಂಥ ಊರಿನಲ್ಲಿ ಲೆಡ್ಜರ್ ನೋಡಿಕೊಂಡು ಬದುಕಿದ್ದೆ.

ಮೆಟ್ರೊದವರಿಗೆ ಒಂದು ಮಾತು. ನಿಮಗೆ ರಜೆ ಇಲ್ಲ, ಒಪ್ಪಿದೆ. ಆದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆ ನಡೆಯುವ ದೂರ. ಸರ್ಕಾರಿ ಮ್ಯೂಸಿಯಂ, ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ, ಆಚೆಗೆ ಮ್ಯಾಪ್. ಯಾವುದು ತೆರೆದಿದೆ, ಯಾವುದು ದುರಸ್ತಿಯಲ್ಲಿದೆ ಎಂದು ಮೊದಲು ವಿಚಾರಿಸಿ ಹೋಗಿ. ಸೋಮವಾರ ಬೇಡ.

ರಾತ್ರಿಪಾಳಿ · ಮಂಗಳವಾರ, ಮಧ್ಯಾಹ್ನ 2:50

ಒಪ್ಪಿದೆ. ವೆಂಕಟಪ್ಪನವರ ಊಟಿ ಚಿತ್ರಗಳನ್ನು ಕಾಲೇಜಿನ ದಿನಗಳಲ್ಲಿ ನೋಡಿದ್ದೆ. ಆಗ ಒಂದೇ ದೂರು: ಕೋಣೆಯಲ್ಲಿ ಬೆಳಕೇ ಇಲ್ಲ.

ತಪ್ಪು ಹಿಡಿಯುವವ · ಮಂಗಳವಾರ, ಮಧ್ಯಾಹ್ನ 3:15

ಬೆಳಕು ಕಡಿಮೆ ಇದ್ದರೆ ಅದು ಜಿಪುಣತನವೇ ಆಗಬೇಕೆಂದಿಲ್ಲ. ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಾಸುತ್ತದೆ, ಮಾಸಿದ್ದು ಮತ್ತೆ ಬರುವುದಿಲ್ಲ. ಮ್ಯೂಸಿಯಂಗಳಲ್ಲಿ ಅದಕ್ಕೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಎಂಬ ಮಿತಿ ಇಟ್ಟುಕೊಳ್ಳುತ್ತಾರೆ. ಒಳಗೆ ಹೋಗಿ ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ವೆಂಕಟಪ್ಪನವರು ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು, ವೀಣೆಯನ್ನೂ ಅಷ್ಟೇ ಹಟದಿಂದ ಅಭ್ಯಾಸ ಮಾಡಿದವರು. ಅವರ ಮಂಜನ್ನು ಅವಸರದಲ್ಲಿ ನೋಡಿದರೆ ಖಾಲಿ ಕಾಗದವೇ ಕಾಣುವುದು.

ಜಗನ್ಮೋಹನದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ದೀಪ ಹಿಡಿದ ಹೆಣ್ಣು ರವಿವರ್ಮರದಲ್ಲ. ಎಸ್.ಎಲ್. ಹಲ್ದಂಕರ್ ಅವರದು, ಮಗಳನ್ನೇ ನಿಲ್ಲಿಸಿ ಬರೆದದ್ದು. ಅದು ತೈಲವರ್ಣವೂ ಅಲ್ಲ, ಜಲವರ್ಣ.

ಚೌಕಟ್ಟಿನಂಗಡಿ · ಮಂಗಳವಾರ, ಸಂಜೆ 5:40

ಅಯ್ಯೋ. ಆ ಚಿತ್ರದ ನೂರಾರು ಪ್ರತಿಗಳಿಗೆ ಚೌಕಟ್ಟು ಹಾಕಿದ್ದೇನೆ. ಎಲ್ಲರಿಗೂ ‘ರವಿವರ್ಮನದು ಸಾರ್’ ಎಂದೇ ಹೇಳಿ ಕಳುಹಿಸಿದ್ದೇನೆ.

ಸಾಗರದ ಸೊಸೆ · ಮಂಗಳವಾರ, ರಾತ್ರಿ 8:30

ಬಹಳ ದಿನದಿಂದ ಓದಿಕೊಂಡಿದ್ದವಳು ಇವತ್ತು ಬರೆಯುತ್ತಿದ್ದೇನೆ, ಸ್ವಲ್ಪ ಸಿಟ್ಟಿನಿಂದಲೇ.

ಮದುವೆಯಾಗಿ ಸಾಗರದ ಕಡೆಗೆ ಹೋದ ಮೊದಲ ದೀಪಾವಳಿಯಲ್ಲಿ ಪಕ್ಕದ ದೀವರ ಮನೆಯಲ್ಲಿ ಹಸೆ ಚಿತ್ತಾರ ಬರೆಯುವುದನ್ನು ನೋಡಿದೆ. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಅಜ್ಜಿಯೊಬ್ಬರು ಗೆರೆ ಎಳೆಯುತ್ತಿದ್ದರೆ ಉಳಿದವರು ಹಾಡುತ್ತಿದ್ದರು. ಮಳೆಗಾಲ ಕಳೆದ ಮೇಲೆ ಅದು ಅಳಿದುಹೋಯಿತು, ಯಾರೂ ಅಳಲಿಲ್ಲ, ಮುಂದಿನ ಹಬ್ಬಕ್ಕೆ ಮತ್ತೆ ಬರೆದರು. ಆಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಅದೇ ಚಿತ್ತಾರವನ್ನು ಬೋರ್ಡಿನ ಮೇಲೆ ನೋಡಿದೆ. ಬರೆದವರ ಹೆಸರಿನ ಜಾಗದಲ್ಲಿ ‘ಜಾನಪದ’ ಎಂದಿತ್ತು. ಪಕ್ಕದ ಗೋಡೆಯಲ್ಲಿದ್ದ ನಗರದ ಕಲಾವಿದರೊಬ್ಬರಿಗೆ ಹೆಸರಿತ್ತು, ಹುಟ್ಟಿದ ಇಸವಿಯಿತ್ತು, ‘ಮಲೆನಾಡಿನ ಪ್ರವಾಸದಿಂದ ಸ್ಫೂರ್ತಿ’ ಎಂಬ ಸಾಲೂ ಇತ್ತು.

ನೀವೆಲ್ಲ ಸ್ಫೂರ್ತಿ ಸ್ಫೂರ್ತಿ ಎನ್ನುತ್ತೀರಿ. ಯಾರ ಗೋಡೆಯಿಂದ ತಂದಿರಿ ಎಂದು ಬರೆದಿಡುವ ಅಭ್ಯಾಸವೂ ಇರಲಿ.

ಮಂದಗತಿ · ಮಂಗಳವಾರ, ರಾತ್ರಿ 8:55

ಸಿಟ್ಟು ನ್ಯಾಯವಾದದ್ದೇ. ಹೊಯ್ಸಳರ ಕಾಲದಲ್ಲಿ ಶಿಲ್ಪಿಗಳು ತಮ್ಮ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತುತ್ತಿದ್ದರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಏಳುನೂರು ವರ್ಷದ ಹಿಂದಿನವರಿಗೆ ಇದ್ದ ಜಾಗ ಆ ಅಜ್ಜಿಗೆ ಸಿಗಲಿಲ್ಲ ಎಂದಾಯಿತು.

ಕುಮಾರಕೃಪಾ · ಬುಧವಾರ, ಬೆಳಿಗ್ಗೆ 7:30

ಸಾಗರದವರು ಹೇಳಿದ್ದು ನಕಲಿನ ಬಗ್ಗೆ ನಾನು ಹೇಳಬೇಕೆಂದಿದ್ದ ಮಾತಿಗೂ ಸೇರುತ್ತದೆ. ನಕಲು ಮಾಡುವುದು ಪಾಪವಲ್ಲ, ಮುಚ್ಚಿಡುವುದು ಪಾಪ. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಅನುಮತಿ ಪಡೆದವರು ಈಸೆಲ್ ಹಾಕಿಕೊಂಡು ಕೃತಿಯ ಮುಂದೆಯೇ ನಕಲು ಮಾಡಬಹುದು. ಷರತ್ತು ಏನೆಂದರೆ ನಕಲಿನ ಅಳತೆ ಮೂಲದ ಅಳತೆಯೇ ಆಗಿರಬಾರದು. ಖೋಟಾ ತಡೆಯಲು ಮಾಡಿದ ನಿಯಮ, ಆದರೆ ಕಲಿಯುವವರಿಗೆ ಅದರಲ್ಲೊಂದು ಉಪಕಾರವಿದೆ. ಅಳತೆ ಬದಲಾದ ಕೂಡಲೇ ಟ್ರೇಸ್ ಮಾಡಿ ಪಾರಾಗಲು ಆಗುವುದಿಲ್ಲ, ಪ್ರತಿಯೊಂದು ದೂರವನ್ನೂ ಮತ್ತೆ ನಿರ್ಧರಿಸಬೇಕಾಗುತ್ತದೆ. ವ್ಯಾನ್ ಗೋ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಚಿತ್ರಕಾರ ಮಿಲೆಯ ರೈತರನ್ನು ನಕಲು ಮಾಡಿದ್ದು ಕಪ್ಪುಬಿಳುಪು ಅಚ್ಚುಗಳಿಂದ. ಬಣ್ಣವೆಲ್ಲ ಅವನೇ ಕಟ್ಟಿಕೊಂಡದ್ದು.

ಒಣಗಿದ ಪ್ಯಾಲೆಟ್ ಅವರೇ, ನಿಮ್ಮ ಮೂರು ಕ್ಯಾಲೆಂಡರ್ ಚಿತ್ರಗಳು ನಕಲಾಗಿದ್ದಕ್ಕೆ ಕೆಟ್ಟದ್ದಲ್ಲ, ಅರ್ಧ ನಕಲಾಗಿದ್ದಕ್ಕೆ ಕೆಟ್ಟದ್ದು. ಪೂರ್ತಿ ಮಾಡಿ. ಒಂದೇ ಒಂದು ಆಕೃತಿ ತೆಗೆದುಕೊಂಡು, ನಿಮ್ಮದೇನನ್ನೂ ಸೇರಿಸದೆ, ಅಳತೆ ಬದಲಿಸಿ ಮಾಡಿ. ಫೋಟೊ ಬೇಡ, ಮೂಲದ ಮುಂದೆ ಕುಳಿತು.

ಒಣಗಿದ ಪ್ಯಾಲೆಟ್ · ಬುಧವಾರ, ಬೆಳಿಗ್ಗೆ 8:05

ಲೇಪಾಕ್ಷಿಗೆ ಮತ್ತೆ ಹೋಗಲು ಸದ್ಯಕ್ಕೆ ಆಗುವುದಿಲ್ಲ, ಅಮ್ಮನಿಗೆ ಮಂಡಿ ನೋವು. ಊರೊಳಗೇ ಏನಾದರೂ ಇದೆಯೇ?

ಹಳೆಯ ಲೆಡ್ಜರ್ · ಬುಧವಾರ, ಬೆಳಿಗ್ಗೆ 8:40

ನಿಮ್ಮ ಒಂಬತ್ತರಲ್ಲಿ ಎರಡು ಹಂದಿ ಎಂದಿರಿ. ಲೇಪಾಕ್ಷಿಯ ಕಿರಾತಾರ್ಜುನೀಯದಲ್ಲೂ ಹಂದಿ ಇದೆ. ಅದಕ್ಕಿಂತ ಆರು ಶತಮಾನ ಹಿರಿಯ ಹಂದಿಯೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಆತಕೂರಿನ ಕಲ್ಲು. 949ರದ್ದು. ಕಾಳಿ ಎಂಬ ಬೇಟೆನಾಯಿ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಆ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಮನುಷ್ಯರ ಯುದ್ಧದ ವಿವರವೂ ಶಾಸನದಲ್ಲಿದೆ, ಆದರೆ ಕೆತ್ತನೆಯಲ್ಲಿ ಜಾಗ ಸಿಕ್ಕಿರುವುದು ನಾಯಿಗೆ.

ಒಣಗಿದ ಪ್ಯಾಲೆಟ್ · ಸುಮಾರು ನಾಲ್ಕು ವಾರಗಳ ನಂತರ, ಗುರುವಾರ, ರಾತ್ರಿ 9:20

ಎಳೆ ಕೆಳಗೆ ಹೋಗಿತ್ತು, ಹುಡುಕಿ ತೆಗೆದೆ.

ಕಾಳಿಯ ಮುಂದೆ ಐದು ಸಲ ಕುಳಿತೆ. ಮೊದಲ ಸಲ ಹತ್ತು ನಿಮಿಷದಲ್ಲಿ ‘ಮುಗಿಯಿತು’ ಎನಿಸಿತು, ಎದ್ದುಹೋಗಲು ಚೀಲ ಕೂಡ ಹಾಕಿಕೊಂಡೆ. ಪಕ್ಕದಲ್ಲಿ ಶಾಲೆಯ ಮಕ್ಕಳ ಸಾಲು ನಿಂತದ್ದರಿಂದ ಹೊರಬರಲು ಆಗದೆ ಮತ್ತೆ ಕುಳಿತೆ. ಆಮೇಲೆ ನಾಯಿ ಎಲ್ಲಿ ಮುಗಿಯುತ್ತದೆ, ಹಂದಿ ಎಲ್ಲಿ ಶುರುವಾಗುತ್ತದೆ ಎನ್ನುವುದು ಗೊತ್ತಾಗದೆ ಒದ್ದಾಡಿದೆ. ಕಲ್ಲಿನವನು ಎರಡನ್ನೂ ಬೇರೆ ಬೇರೆ ಕೆತ್ತಿ ಜೋಡಿಸಿಲ್ಲ, ಒಂದೇ ಗಂಟಿನಂತೆ ಕೆತ್ತಿದ್ದಾನೆ. ಹಿಂದಿನ ಕಲ್ಲು ಖಾಲಿಯಲ್ಲ. ಎರಡೂ ಅದರಿಂದಲೇ ಎದ್ದು ಬಂದಿವೆ, ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ.

ಅದನ್ನು ಬರೆಯುವಾಗಲೇ ಲೇಪಾಕ್ಷಿಯ ಕಾವಿ ಅರ್ಥವಾಯಿತು. ಅಲ್ಲಿ ಕೆಂಪು ಹಿನ್ನೆಲೆಯಲ್ಲ, ನೆಲ. ಮದುವೆಯ ಜನವೆಲ್ಲ ಅದರ ಮೇಲೆ ನಿಂತಿಲ್ಲ, ಅದರೊಳಗಿಂದ ಬಂದಿದ್ದಾರೆ. ನಾನು ಹದಿನಾರು ವರ್ಷ ಕೆರೆಯನ್ನು ಬಿಳಿ ಕ್ಯಾನ್ವಾಸಿನ ಮೇಲೆ ನೀಲಿಯಿಂದ ಶುರು ಮಾಡುತ್ತಿದ್ದೆ. ಕೆರೆ ಶುರುವಾಗುವುದು ಮಣ್ಣಿನಿಂದ. ಮಣ್ಣು ತೋಡಿದ ಮೇಲಲ್ಲವೇ ನೀರು?

ಹಾಗಾಗಿ ಕಾವಿ ಕಲ್ಲು ಅರೆದು ಕ್ಯಾನ್ವಾಸಿಗೆ ಪೂರ್ತಿ ಬಳಿದೆ. ಅದರ ಮೇಲೆ ನೀರನ್ನು ತೆಳ್ಳಗೆ, ಕೆಂಪು ಕಾಣುವ ಹಾಗೆ. ಮರ ಬರೆಯಲೇ ಇಲ್ಲ, ಅದು ನಿಲ್ಲಬೇಕಾದ ಜಾಗದಲ್ಲಿ ಕಾವಿಯನ್ನು ಹಾಗೆಯೇ ಬಿಟ್ಟೆ. ಚಿತ್ರ ಚೆನ್ನಾಗಿದೆ ಎನ್ನಲಾರೆ, ಬಲಗಡೆಯ ಮೂಲೆ ಸತ್ತಿದೆ. ಅಣ್ಣ ನೋಡಿ, ‘ಇದು ಏನು?’ ಎಂದ. ಕ್ಯಾಲೆಂಡರಿನ ಮಾತು ಎತ್ತಲಿಲ್ಲ. ಹಿಂಬದಿಯಲ್ಲಿ ‘ಆತಕೂರು, ಲೇಪಾಕ್ಷಿ’ ಎಂದು ಬರೆದಿಟ್ಟಿದ್ದೇನೆ, ಸಾಗರದವರು ಗಮನಿಸಬೇಕು.

ಒಂದು ತೊಂದರೆ. ಕಾವಿಗೆ ಗೋಂದು ಬೆರೆಸಿ ಬಳಿದದ್ದು ನಾಲ್ಕನೆಯ ದಿನಕ್ಕೆ ಬಿರುಕು ಬಿಟ್ಟಿತು. ಎರಡನೆಯ ಸಲ ಗೋಂದು ಕಡಿಮೆ ಮಾಡಿದೆ, ಕೈಗೆ ಪುಡಿ ಬರುತ್ತಿದೆ. ಪ್ರಮಾಣ ಎಷ್ಟು?

ಮಂದಗತಿ · ಗುರುವಾರ, ರಾತ್ರಿ 10:02

ಪ್ರಮಾಣದ ತಪ್ಪಲ್ಲ, ಕ್ಯಾನ್ವಾಸಿನ ತಪ್ಪು. ಗೋಂದಿನ ನೆಲ ಒಣಗಿದ ಮೇಲೆ ಬಾಗುವುದಿಲ್ಲ, ಬಟ್ಟೆ ಬಾಗುತ್ತದೆ. ನಮ್ಮ ಗೆಸ್ಸೊ (ಉಬ್ಬು ಮೂಡಿಸುವ ಅಂಟಿನ ಲೇಪ) ಕೆಲಸವನ್ನು ಹಲಗೆಗೋ ದಪ್ಪ ರಟ್ಟಿಗೋ ಅಂಟಿಸಿದ ಕಾಗದದ ಮೇಲೆ ಮಾಡುವುದು ಅದಕ್ಕೇ. ಹಲಗೆಗೆ ಬನ್ನಿ. ಗೋಂದು ಅಳೆಯಬೇಡಿ, ಒಂದು ತುಂಡಿನ ಮೇಲೆ ಬಳಿದು ರಾತ್ರಿ ಬಿಟ್ಟು ಬೆಳಿಗ್ಗೆ ಹೆಬ್ಬೆರಳಿನಿಂದ ಉಜ್ಜಿ ನೋಡಿ. ಬಣ್ಣ ಬೆರಳಿಗೆ ಬಂದರೆ ಗೋಂದು ಸಾಲದು, ಹೊಳೆದರೆ ಹೆಚ್ಚಾಯಿತು.

ಚೌಕಟ್ಟಿನಂಗಡಿ · ಶುಕ್ರವಾರ, ಬೆಳಿಗ್ಗೆ 7:05

ಹಲಗೆಯ ತುಂಡುಗಳು ನನ್ನ ಅಂಗಡಿಯ ಹಿಂದೆ ರಾಶಿ ಬಿದ್ದಿವೆ. ಅಳತೆ ಹೇಳಿ, ಕೊಯ್ದು ಇಡುತ್ತೇನೆ. ಭಾನುವಾರ ಅಂಗಡಿ ಇಲ್ಲ.